ಯಾವ ಬ್ರಾಯ್ಲರ್ ತಳಿ ಚೆನ್ನಾಗಿ ಬೆಳೆಯುತ್ತದೆ? ಮೊದಲು ಹೋಲಿಸುವುದನ್ನು ಕಲಿಯೋಣ

ಬ್ಯಾಚು ತೂಕಕ್ಕೆ ಬರಲಿಲ್ಲವೆಂದರೆ ಮೊದಲ ದೂರು ತಳಿಯ ಮೇಲೆ ಬೀಳುತ್ತದೆ. ‘ಈ ಸಲ ಕಂಪನಿಯವರು ಬೇರೆ ಮರಿ ಹಾಕಿದರು, ಅದಕ್ಕೇ ಹೀಗಾಯ್ತು’ ಎಂಬ ಮಾತನ್ನು ಕೋಲಾರ, ಚಿಕ್ಕಬಳ್ಳಾಪುರದಿಂದ ಹಿಡಿದು ಹಾಸನ, ದಾವಣಗೆರೆಯವರೆಗೆ ಯಾವ ಕೋಳಿ ಫಾರಂಗೆ ಹೋದರೂ ಕೇಳಬಹುದು. ಪಕ್ಕದ ಊರಿನವರಿಗೆ ಅದೇ ತಿಂಗಳು, ಅದೇ ತಳಿಯಲ್ಲಿ ಒಳ್ಳೆಯ ತೂಕ ಬಂದಿರುತ್ತದೆ. ಅವರನ್ನು ಕೇಳಿದರೆ ಅಂಥ ಮರಿ ಇನ್ನೊಂದಿಲ್ಲ ಎನ್ನುತ್ತಾರೆ. ಇಬ್ಬರೂ ಹೇಳುತ್ತಿರುವುದು ನಿಜವೇ. ಆದರೆ ಇಬ್ಬರೂ ಕಂಡದ್ದು ತಳಿಯೊಂದನ್ನೇ ಅಲ್ಲ. ತಳಿ, ಮರಿಯ ಗುಣ, ಮೇವು, ಹವೆ, ಆಳುಗಳ ಕೆಲಸ ಎಲ್ಲವೂ ಸೇರಿ ಕೊಟ್ಟ ಫಲವನ್ನು. ಅದರಲ್ಲಿ ತಳಿಯ ಪಾಲು ಎಷ್ಟು ಎಂದು ಬಿಡಿಸಿ ನೋಡದೆ ‘ಇದು ಒಳ್ಳೆಯದು, ಅದು ಬೇಡ’ ಎಂದು ತೀರ್ಮಾನಿಸಿದರೆ ನಷ್ಟ ನಮ್ಮದೇ.

ನಮ್ಮ ಶೆಡ್ಡಿಗೆ ಬರುವ ಮರಿಗಳು

ಇಂದು ಮಾರುಕಟ್ಟೆಯಲ್ಲಿರುವ ಬಿಳಿ ಬ್ರಾಯ್ಲರ್ ಮರಿಗಳ ಮೂಲ ಬೆರಳೆಣಿಕೆಯಷ್ಟು ಕಂಪನಿಗಳಲ್ಲಿದೆ. ಅಮೆರಿಕದ ಕಾಬ್-ವಾಂಟ್ರೆಸ್ ಕಂಪನಿಯ ತಳಿ ನಮ್ಮಲ್ಲಿ ಪುಣೆಯ ವೆಂಕಟೇಶ್ವರ ಹ್ಯಾಚರೀಸ್ ಬಳಗದ ಮೂಲಕ ವೆನ್‌ಕಾಬ್ ಎಂಬ ಹೆಸರಲ್ಲಿ ಬಂತು. ಬಿ. ವಿ. ರಾವ್ ಅವರು 1971ರಲ್ಲಿ ಕಟ್ಟಿದ ಬಳಗವದು. ವೆನ್‌ಕಾಬ್ 400, ವೆನ್‌ಕಾಬ್ 430ವೈ ಎಂಬ ಹೆಸರುಗಳು ನಮ್ಮ ರೈತರ ಬಾಯಲ್ಲಿ ಸಲೀಸಾಗಿ ಬರುತ್ತವೆ. ಇನ್ನೊಂದು ಕಡೆ ಅಲಬಾಮಾ ರಾಜ್ಯದ ಹಂಟ್ಸ್‌ವಿಲ್ಲಿನಲ್ಲಿ ಕೇಂದ್ರವಿರುವ ಏವಿಯಾಜೆನ್. ರಾಸ್, ಆರ್ಬರ್ ಏಕರ್ಸ್, ಇಂಡಿಯನ್ ರಿವರ್ ಮೂರೂ ಅದರವೇ. 2018ರಲ್ಲಿ ಹಬ್ಬರ್ಡ್ ಕೂಡ ಅದೇ ಬಳಗ ಸೇರಿತು. ಭಾರತದಲ್ಲಿ ಅದರ ಮುಖ್ಯ ತಳಿ ರಾಸ್ 308 ಎಪಿ. ಸರ್ಕಾರಿ ಸಂಸ್ಥೆಗಳೂ ಬ್ರಾಯ್ಲರ್ ತಳಿ ರೂಪಿಸಿವೆ: ಹೈದರಾಬಾದಿನ ಕೋಳಿ ಸಂಶೋಧನಾ ನಿರ್ದೇಶನಾಲಯದ ಕೃಷಿಬ್ರೊ, ಇಜ್ಜತ್‌ನಗರದ ಕೇಂದ್ರೀಯ ಪಕ್ಷಿ ಸಂಶೋಧನಾ ಸಂಸ್ಥೆಯ ಕ್ಯಾರಿಬ್ರೊ ಸಾಲಿನ ತಳಿಗಳು. ಬೆಂಗಳೂರಿನಲ್ಲಿ ಹುಟ್ಟಿದ ಗಿರಿರಾಜ, ಸ್ವರ್ಣಧಾರಾ ಹಿತ್ತಲಿಗೆ ಹೇಳಿಮಾಡಿಸಿದ ಕೋಳಿಗಳು. ಅವನ್ನು 35 ದಿನಕ್ಕೆ ತೂಗಿ ಬಿಳಿ ಬ್ರಾಯ್ಲರ್ ಜೊತೆ ಹೋಲಿಸುವುದು ಅವುಗಳಿಗೆ ಮಾಡುವ ಅನ್ಯಾಯ.

ನಾವು ‘ತಳಿ’ ಎಂದು ಕರೆಯುವ ಈ ವಾಣಿಜ್ಯ ಮರಿ ಹಲವು ಶುದ್ಧ ಸಾಲುಗಳನ್ನು ಬೆರೆಸಿ ಪಡೆದ ಕೊನೆಯ ತಲೆಮಾರು. ಗಂಡಿನ ಕಡೆ ಎದೆ ತುಂಬಿದ ಕಾರ್ನಿಷ್ ರಕ್ತ, ಹೆಣ್ಣಿನ ಕಡೆ ಮೊಟ್ಟೆ ಚೆನ್ನಾಗಿಡುವ ವೈಟ್ ಪ್ಲಿಮತ್ ರಾಕ್ ರಕ್ತ ಎಂಬುದು ಇದರ ಸ್ಥೂಲ ಲೆಕ್ಕ. ಇವನ್ನು ಉಳಿಸಿಕೊಂಡು ಮರಿ ಮಾಡಿಸಿದರೆ ಅದೇ ಬೆಳವಣಿಗೆ ಬರುವುದಿಲ್ಲ. ಇನ್ನೊಂದು ಸಂಗತಿ: ಹೆಸರು ಅದೇ ಇದ್ದರೂ ಕೋಳಿ ಅದೇ ಇರುವುದಿಲ್ಲ. ಶುದ್ಧ ಸಾಲುಗಳ ಆಯ್ಕೆ ಪ್ರತಿ ತಲೆಮಾರಿನಲ್ಲೂ ನಡೆಯುತ್ತಿರುತ್ತದೆ. ರಾಸ್ 308ರ ಗುರಿಪಟ್ಟಿಯನ್ನು ಕಂಪನಿ 2014, 2019, 2022ರಲ್ಲಿ ಹೊಸದಾಗಿ ಪ್ರಕಟಿಸಿತು. ಕಾಬ್ 500ರ ಪಟ್ಟಿ 2018 ಮತ್ತು 2022ರಲ್ಲಿ ಬದಲಾಯಿತು. ಹಾಗಾಗಿ ಹತ್ತು ವರ್ಷದ ಹಿಂದಿನ ಪ್ರಬಂಧದಲ್ಲಿ ಒಂದು ತಳಿ ಗೆದ್ದಿತ್ತು ಎಂಬುದು ಇಂದಿನ ಮರಿಗೆ ಆಧಾರವಾಗದು.

ಸರಿಯಾದ ಹೋಲಿಕೆಗೆ ಒಂದು ಮಾದರಿ

ತಳಿಯ ಪಾಲನ್ನು ಬೇರ್ಪಡಿಸುವುದು ಹೇಗೆಂದು ತೋರಿಸಿದ ಪ್ರಯೋಗಗಳಲ್ಲಿ ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯ ವಿಶ್ವವಿದ್ಯಾಲಯದ್ದು ಪ್ರಸಿದ್ಧ. ಹ್ಯಾವೆನ್‌ಸ್ಟೈನ್ ಮತ್ತು ಸಂಗಡಿಗರು 2003ರಲ್ಲಿ ಅದನ್ನು ಪ್ರಕಟಿಸಿದರು. 1950ರ ದಶಕದ ಕೋಳಿಯನ್ನು ಯಾವ ಆಯ್ಕೆಯನ್ನೂ ಮಾಡದೆ ಹಾಗೆಯೇ ಕಾಪಾಡಿಕೊಂಡು ಬಂದ ಒಂದು ಗುಂಪು ಅವರ ಬಳಿ ಇತ್ತು. ಅದರ ಪಕ್ಕದಲ್ಲಿ 2001ರ ರಾಸ್ 308 ಮರಿಗಳನ್ನು ಸಾಕಿದರು. ಅವರ ಜಾಣತನ ಇರುವುದು ಮುಂದಿನ ಹೆಜ್ಜೆಯಲ್ಲಿ. ಎರಡೂ ತಳಿಗೆ 1957ರ ಬಗೆಯ ಮೇವನ್ನೂ ಕೊಟ್ಟರು, 2001ರ ಬಗೆಯ ಮೇವನ್ನೂ ಕೊಟ್ಟರು. ಒಟ್ಟು ನಾಲ್ಕು ಗುಂಪು.

42ನೇ ದಿನಕ್ಕೆ ಹಳೆಯ ಕೋಳಿ ಹಳೆಯ ಮೇವಿನಲ್ಲಿ ತೂಗಿದ್ದು 539 ಗ್ರಾಂ. ಹೊಸ ಕೋಳಿ ಹೊಸ ಮೇವಿನಲ್ಲಿ 2,672 ಗ್ರಾಂ. ಹಳೆಯ ಮೇವನ್ನೇ ತಿಂದ ಹೊಸ ಕೋಳಿಯೂ ಎರಡು ಕಿಲೋ ದಾಟಿತು. ಬೆಳವಣಿಗೆಯಲ್ಲಾದ ಏರಿಕೆಯಲ್ಲಿ ಶೇ 85ರಿಂದ 90ರಷ್ಟು ತಳಿ ಆಯ್ಕೆಯಿಂದ ಬಂದದ್ದು, ಉಳಿದ ಶೇ 10ರಿಂದ 15ರಷ್ಟು ಮೇವಿನಿಂದ ಎಂದು ಅವರು ಲೆಕ್ಕ ಹಾಕಿದರು. ಮುಂದೆ 2014ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 1957, 1978 ಮತ್ತು 2005ರ ಮೂರು ತಳಿಗಳನ್ನು ಒಂದೇ ಮೇವಿನಲ್ಲಿ ಸಾಕಿ ತೋರಿಸಿದರು. 56 ದಿನಕ್ಕೆ ತೂಕ ಅನುಕ್ರಮವಾಗಿ 905, 1,808 ಮತ್ತು 4,202 ಗ್ರಾಂ.

ಈ ಅಂಕಿಗಳಿಂದ ನಮ್ಮ ಹೋಲಿಕೆಗೆ ಎರಡು ಪಾಠ ಸಿಗುತ್ತವೆ. ಒಂದು, ಅರ್ಧ ಶತಮಾನದ ಅಂತರವಿರುವ ತಳಿಗಳ ನಡುವೆ ವ್ಯತ್ಯಾಸ ಅಗಾಧ. ಎರಡು, ಇಂದು ಒಂದೇ ಮಾರುಕಟ್ಟೆಯಲ್ಲಿ ಪೈಪೋಟಿ ಮಾಡುತ್ತಿರುವ ತಳಿಗಳ ನಡುವೆ ಅಂಥ ಅಂತರ ಇರಲು ಸಾಧ್ಯವಿಲ್ಲ. ಹಿಂದೆ ಬಿದ್ದ ತಳಿ ವ್ಯಾಪಾರದಲ್ಲಿ ಉಳಿಯುವುದಿಲ್ಲ. ಕಾಬ್ ಆಗಲಿ ರಾಸ್ ಆಗಲಿ, ಕಂಪನಿಗಳ ಗುರಿಪಟ್ಟಿಯಲ್ಲಿ 35 ದಿನದ ತೂಕ ಎರಡೂಕಾಲು ಕಿಲೋದ ಆಸುಪಾಸಿನಲ್ಲೇ ಇದೆ. ಹೀಗೆ ಹತ್ತಿರ ಹತ್ತಿರ ಇರುವ ತಳಿಗಳ ನಡುವಿನ ಸಣ್ಣ ವ್ಯತ್ಯಾಸ ಹಿಡಿಯಬೇಕಾದರೆ ಅಳತೆ ಅಷ್ಟೇ ಸೂಕ್ಷ್ಮವಾಗಿರಬೇಕು. ಹೆಚ್ಚಿನವರು ಎಡವುವುದು ಇಲ್ಲೇ.

ದಿನದ ಎಣಿಕೆ, ತೂಕದ ಎಣಿಕೆ

ಕಂಪನಿಯ ಪಟ್ಟಿಗಳು ಮರಿ ಹೊರಬಂದ ದಿನವನ್ನು ಸೊನ್ನೆ ಎಂದು ಎಣಿಸುತ್ತವೆ. ನಮ್ಮಲ್ಲಿ ಅನೇಕರು ಮರಿ ಇಳಿಸಿದ ದಿನವನ್ನೇ ಒಂದನೇ ದಿನ ಎನ್ನುತ್ತಾರೆ. ಇದು ಚಿಕ್ಕ ವಿಷಯವಲ್ಲ. ಐದನೇ ವಾರದಲ್ಲಿ ಒಳ್ಳೆಯ ಬ್ಯಾಚಿನ ಕೋಳಿ ದಿನಕ್ಕೆ 80ರಿಂದ 100 ಗ್ರಾಂ ಕೂಡುತ್ತದೆ. ಎಣಿಕೆಯಲ್ಲಿ ಒಂದು ದಿನ ತಪ್ಪಿದರೆ ಎರಡು ತಳಿಗಳ ನಡುವೆ ಇರಬಹುದಾದ ವ್ಯತ್ಯಾಸಕ್ಕಿಂತ ದೊಡ್ಡ ತಪ್ಪು ಲೆಕ್ಕದೊಳಗೆ ಸೇರಿಕೊಳ್ಳುತ್ತದೆ. ಕೋಳಿ ಎತ್ತುವುದು ಒಂದೇ ದಿನ ಮುಗಿಯದಿದ್ದರೆ ಸರಾಸರಿ ವಯಸ್ಸು ತೆಗೆಯಬೇಕು. ಐದು ಸಾವಿರ ಕೋಳಿಯಲ್ಲಿ ಎರಡು ಸಾವಿರ 33ನೇ ದಿನ, ಮೂರು ಸಾವಿರ 38ನೇ ದಿನ ಹೋದರೆ ಬ್ಯಾಚಿನ ವಯಸ್ಸು 36 ದಿನ. 33 ಅಲ್ಲ, 38 ಅಲ್ಲ.

ತೂಗುವಾಗ ಕೈಗೆ ಸಿಕ್ಕ ದಪ್ಪ ಕೋಳಿಯನ್ನು ಹಿಡಿಯಬಾರದು. ಶೆಡ್ಡಿನ ಎರಡು ತುದಿ ಮತ್ತು ನಡುವೆ, ಹೀಗೆ ಮೂರು ಕಡೆ ಚೌಕಟ್ಟು ಇಟ್ಟು ಒಂದಷ್ಟು ಕೋಳಿಗಳನ್ನು ಸುತ್ತುವರಿಯಿರಿ. ಅದರೊಳಗೆ ಸಿಕ್ಕಿದ್ದನ್ನೆಲ್ಲ, ಕುಂಟು ಕೋಳಿ ಸೇರಿಸಿ, ಒಂದೊಂದಾಗಿ ತೂಗಿ ಬರೆಯಿರಿ. ಬುಟ್ಟಿಗೆ ಹತ್ತು ಹಾಕಿ ತೂಗಿದರೆ ಸರಾಸರಿ ಮಾತ್ರ ಸಿಗುತ್ತದೆ, ಏರುಪೇರು ಕಾಣುವುದಿಲ್ಲ. ವಾರ ವಾರವೂ ಅದೇ ಹೊತ್ತಿಗೆ ತೂಗಬೇಕು. ಮೇವು ತಿಂದು ನಿಂತ ಕೋಳಿಗೂ ಹಸಿದ ಕೋಳಿಗೂ ತೂಕದಲ್ಲಿ ಅಂತರ ಇದ್ದೇ ಇರುತ್ತದೆ.

ಎಷ್ಟು ಕೋಳಿ ತೂಗಬೇಕು? ಗಂಡು ಹೆಣ್ಣು ಬೆರೆತ ಗುಂಪಿನಲ್ಲಿ ತೂಕದ ಏರಿಳಿತ ಸರಾಸರಿಯ ಶೇ 10ರಷ್ಟು ಇರುವುದು ಸಾಮಾನ್ಯ. ಎರಡು ಕಿಲೋ ಕೋಳಿಗಳ ಎರಡು ಗುಂಪಿನಿಂದ ತಲಾ 30 ತೂಗಿದರೆ ಸುಮಾರು 100 ಗ್ರಾಂವರೆಗಿನ ಅಂತರ ಬರೀ ಆಕಸ್ಮಿಕವಾಗಿ ಬರಬಹುದು. ತಲಾ 100 ತೂಗಿದರೆ ಈ ಅನುಮಾನದ ಮಿತಿ 55 ಗ್ರಾಂಗೆ ಇಳಿಯುತ್ತದೆ. ಹತ್ತಿಪ್ಪತ್ತು ಕೋಳಿ ತೂಗಿ ‘ಐವತ್ತು ಗ್ರಾಂ ಜಾಸ್ತಿ ಬಂತು, ಇದೇ ಒಳ್ಳೆಯ ತಳಿ’ ಎನ್ನುವ ಮಾತಿಗೆ ಬೆಲೆ ಇಲ್ಲದಿರುವುದು ಈ ಕಾರಣಕ್ಕೆ.

ಗಂಡು ಹೆಣ್ಣಿನ ಪ್ರಮಾಣವನ್ನೂ ನೋಡಬೇಕು. 35 ದಿನದಲ್ಲಿ ಗಂಡಿಗೂ ಹೆಣ್ಣಿಗೂ ಕಾಲು ಕಿಲೋ ಆಸುಪಾಸು ವ್ಯತ್ಯಾಸವಿರುತ್ತದೆ. ಒಂದು ಗುಂಪಿನಲ್ಲಿ ನೂರಕ್ಕೆ 60 ಗಂಡು, ಇನ್ನೊಂದರಲ್ಲಿ 50 ಇದ್ದರೆ ತಳಿಗೆ ಸಂಬಂಧವೇ ಇಲ್ಲದ 25 ಗ್ರಾಂ ಅಂತರ ಅಲ್ಲೇ ಬಂತು. ನಾಲ್ಕನೇ ವಾರದ ಹೊತ್ತಿಗೆ ಜುಟ್ಟು ಮತ್ತು ಕಾಲಿನ ದಪ್ಪ ನೋಡಿ ಹುಂಜಗಳನ್ನು ಗುರುತಿಸಬಹುದು. ತೂಗುವಾಗಲೇ ಗಂಡು, ಹೆಣ್ಣು ಎಂದು ಬೇರೆ ಬೇರೆ ಸಾಲಿನಲ್ಲಿ ಬರೆದುಕೊಂಡರೆ ಈ ಗೊಂದಲ ಇರುವುದಿಲ್ಲ.

ಎಫ್‌ಸಿಆರ್ ಎಂಬ ಹಣದ ಲೆಕ್ಕ

ಬ್ರಾಯ್ಲರ್ ಸಾಕಣೆಯ ಖರ್ಚಿನಲ್ಲಿ ಮೂರನೇ ಎರಡು ಭಾಗ, ಕೆಲವೊಮ್ಮೆ ಅದಕ್ಕೂ ಹೆಚ್ಚು, ಮೇವಿಗೇ ಹೋಗುತ್ತದೆ. ಆದ್ದರಿಂದ ತೂಕಕ್ಕಿಂತ ಮೊದಲು ನೋಡಬೇಕಾದದ್ದು ಒಂದು ಕಿಲೋ ತೂಕಕ್ಕೆ ಎಷ್ಟು ಕಿಲೋ ಮೇವು ಹೋಯಿತು ಎಂಬುದನ್ನು, ಅಂದರೆ ಎಫ್‌ಸಿಆರ್ ಅನ್ನು. ಎಫ್‌ಸಿಆರ್‌ನಲ್ಲಿ 0.05ರ ವ್ಯತ್ಯಾಸ ಕಾಗದದ ಮೇಲೆ ಅಲ್ಪವಾಗಿ ಕಾಣುತ್ತದೆ. ಎರಡು ಕಿಲೋ ತೂಗುವ ಐದು ಸಾವಿರ ಕೋಳಿಗೆ ಅದು 500 ಕಿಲೋ ಮೇವು, ಅಂದರೆ ಹತ್ತು ಮೂಟೆ. ಮೇವಿಗೆ ಕಿಲೋಗೆ 40 ರೂಪಾಯಿ ಹಿಡಿದರೆ 20,000 ರೂಪಾಯಿ.

ಈ ಲೆಕ್ಕ ಕೆಡುವುದು ಮೂಟೆಗಳಲ್ಲಿ. ಬ್ಯಾಚಿನ ಕೊನೆಗೆ ಉಳಿದ ಮೇವು, ಬೇರೆ ಫಾರಂಗೆ ಕಳಿಸಿದ ಮೇವು, ನೆನೆದು ಎಸೆದದ್ದು, ಇಲಿ ತಿಂದದ್ದು ಎಲ್ಲ ಬರೆದಿಡಬೇಕು. ಆಗಾಗ ಒಂದು ಮೂಟೆ ತೂಗಿ 50 ಕಿಲೋ ಇದೆಯೇ ನೋಡಬೇಕು. ಸತ್ತ ಕೋಳಿಯ ತೂಕವನ್ನು ಸೇರಿಸಿ ತೆಗೆದ ಎಫ್‌ಸಿಆರ್ ಬೇರೆ, ಮಾರಿದ ತೂಕದಿಂದ ಮಾತ್ರ ತೆಗೆದದ್ದು ಬೇರೆ. ಸೇರಿಸಿದರೆ ಅಂಕಿ ಚೆನ್ನಾಗಿ ಕಾಣುತ್ತದೆ. ಒಬ್ಬರದು ಹಾಗೆ, ಇನ್ನೊಬ್ಬರದು ಹೀಗೆ ಇದ್ದರೆ ಎರಡನ್ನೂ ಪಕ್ಕಪಕ್ಕ ಇಡಬೇಡಿ. ರೈತನ ಜೇಬಿಗೆ ಲೆಕ್ಕ ಸಿಗುವುದು ಮಾರಿದ ತೂಕದಿಂದ.

ಕೋಳಿ ದೊಡ್ಡದಾದಷ್ಟೂ ಎಫ್‌ಸಿಆರ್ ಏರುತ್ತದೆ. ಬೇರೆ ಬೇರೆ ತೂಕಕ್ಕೆ ಮಾರಿದ ಬ್ಯಾಚುಗಳನ್ನು ಹೋಲಿಸಲು ನಮ್ಮ ಕಡೆ ಎರಡು ಕಿಲೋಗೆ ಸರಿಹೊಂದಿಸುವ ರೂಢಿ ಇದೆ: ಎರಡರಿಂದ ಸರಾಸರಿ ತೂಕ ಕಳೆದು, ಉಳಿದದ್ದನ್ನು 0.25ರಿಂದ ಗುಣಿಸಿ, ಎಫ್‌ಸಿಆರ್‌ಗೆ ಕೂಡುವುದು. ತೂಕ ಎರಡು ಕಿಲೋ ಮೀರಿದ್ದರೆ ಗುಣಿಸಿ ಬಂದದ್ದನ್ನು ಎಫ್‌ಸಿಆರ್‌ನಿಂದ ಕಳೆಯಬೇಕು. ಸಾವು, ತೂಕ, ದಿನ, ಮೇವು ನಾಲ್ಕನ್ನೂ ಒಂದೇ ಅಂಕಿಗೆ ತರುವ ಇನ್ನೊಂದು ಅಳತೆ ಇಪಿಇಎಫ್. ಬದುಕುಳಿದ ಶೇಕಡಾವಾರನ್ನು ಸರಾಸರಿ ತೂಕದಿಂದ ಗುಣಿಸಿ, ದಿನ ಮತ್ತು ಎಫ್‌ಸಿಆರ್‌ಗಳ ಗುಣಲಬ್ಧದಿಂದ ಭಾಗಿಸಿ, ನೂರರಿಂದ ಗುಣಿಸಿದರೆ ಅದು ಸಿಗುತ್ತದೆ.

ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ಮೊದಲ ತಳಿ 35 ದಿನಕ್ಕೆ 2.10 ಕಿಲೋ, ಎಫ್‌ಸಿಆರ್ 1.60, ಬದುಕುಳಿದದ್ದು ಶೇ 95. ಎರಡನೆಯದು 38 ದಿನಕ್ಕೆ 2.30 ಕಿಲೋ, ಎಫ್‌ಸಿಆರ್ 1.64, ಬದುಕುಳಿದದ್ದು ಶೇ 93. ಇಪಿಇಎಫ್ ತೆಗೆದರೆ ಮೊದಲನೆಯದು 356, ಎರಡನೆಯದು 343, ಮೊದಲನೆಯದೇ ಮೇಲು. ಎರಡು ಕಿಲೋಗೆ ಸರಿಹೊಂದಿಸಿದ ಎಫ್‌ಸಿಆರ್ ನೋಡಿದರೆ ಮೊದಲನೆಯದು 1.575, ಎರಡನೆಯದು 1.565, ಈಗ ಎರಡನೆಯದೇ ಮೇಲು. ಯಾವುದನ್ನು ನಂಬಬೇಕು?

ಹಣಕ್ಕೆ ಇಳಿಸಿ ನೋಡಿ. ಸಾವಿರ ಮರಿಗೆ ಮೊದಲ ತಳಿಯಲ್ಲಿ 950 ಕೋಳಿ, 1,995 ಕಿಲೋ ತೂಕ, 3,192 ಕಿಲೋ ಮೇವು. ಎರಡನೆಯದರಲ್ಲಿ 930 ಕೋಳಿ, 2,139 ಕಿಲೋ ತೂಕ, 3,508 ಕಿಲೋ ಮೇವು. ಕೋಳಿಗೆ ಕಿಲೋಗೆ 100, ಮೇವಿಗೆ 40, ಮರಿಗೆ 35 ರೂಪಾಯಿ ಎಂದು ಇಟ್ಟುಕೊಂಡರೆ, ಔಷಧ, ಹೊಟ್ಟು, ಕರೆಂಟು, ಕೂಲಿ ಬಿಟ್ಟು ಉಳಿಯುವುದು ಮೊದಲನೆಯದರಲ್ಲಿ 36,820, ಎರಡನೆಯದರಲ್ಲಿ 38,580. ಬ್ಯಾಚಿನ ಲೆಕ್ಕದಲ್ಲಿ ಎರಡನೆಯದು 1,760 ರೂಪಾಯಿ ಮುಂದೆ. ಆದರೆ ಅದು ಶೆಡ್ಡನ್ನು ಮೂರು ದಿನ ಹೆಚ್ಚು ಹಿಡಿದುಕೊಂಡಿತ್ತು. ಬ್ಯಾಚುಗಳ ನಡುವಿನ 15 ದಿನದ ಬಿಡುವನ್ನೂ ಸೇರಿಸಿ ಶೆಡ್ಡಿನ ಒಂದು ದಿನಕ್ಕೆ ಹಂಚಿದರೆ ಮೊದಲನೆಯದು 736 ರೂಪಾಯಿ, ಎರಡನೆಯದು 728. ಅಂದರೆ ಎರಡೂ ಸಮ. ಇಪಿಇಎಫ್‌ನಲ್ಲಿ ಕಂಡ 13 ಅಂಕದ ಅಂತರ ಹಣದ ಲೆಕ್ಕದಲ್ಲಿ ಕರಗಿಹೋಯಿತು. ಸೂಚ್ಯಂಕ ದಾರಿ ತೋರಿಸಲು ಸಾಕು. ತೀರ್ಮಾನಕ್ಕೆ ನಿಮ್ಮ ಊರಿನ ದರ, ನಿಮ್ಮ ಶೆಡ್ಡಿನ ದಿನಗಳನ್ನೇ ಹಾಕಿ ನೋಡಬೇಕು.

ಮರಿ ಸಮವಾಗಿದ್ದರೆ ಮಾತ್ರ ಹೋಲಿಕೆ

ತಳಿಯ ತಪ್ಪೆಂದು ನಾವು ದೂರುವುದರಲ್ಲಿ ಬಹುಪಾಲು ಮರಿಯ ತಪ್ಪು, ಅಂದರೆ ಮೊಟ್ಟೆ ಮತ್ತು ಹ್ಯಾಚರಿಯ ತಪ್ಪು ಎಂಬುದು ನನ್ನ ಅಭಿಪ್ರಾಯ. ಪೇರೆಂಟ್ ಕೋಳಿಗಳು ಮೊಟ್ಟೆಗೆ ಹೊಸದಾಗಿ ಬಂದಾಗ, ಸುಮಾರು 30 ವಾರದೊಳಗೆ, ಮೊಟ್ಟೆ ಚಿಕ್ಕದು. ಮರಿಯ ತೂಕ ಮೊಟ್ಟೆಯ ತೂಕದ ಮೂರನೇ ಎರಡು ಭಾಗದಷ್ಟಿರುತ್ತದೆ. 52 ಗ್ರಾಂ ಮೊಟ್ಟೆಯಿಂದ 35 ಗ್ರಾಂ ಮರಿ, 64 ಗ್ರಾಂ ಮೊಟ್ಟೆಯಿಂದ 43 ಗ್ರಾಂ ಮರಿ. ತಳಿ ಒಂದೇ ಆದರೂ ಈ ಎರಡು ಮರಿಗಳ ಓಟ ಒಂದೇ ಗೆರೆಯಿಂದ ಶುರುವಾಗುವುದಿಲ್ಲ. ಚಿಕ್ಕ ಮರಿಗೆ ಬ್ರೂಡಿಂಗ್ ಬಿಸಿಯೂ ಹೆಚ್ಚು ಬೇಕು. ಎಳೆಯ ಪೇರೆಂಟ್‌ನ ಕಾಬ್ ಮರಿಯನ್ನು ಬಲಿತ ಪೇರೆಂಟ್‌ನ ರಾಸ್ ಮರಿಯ ಜೊತೆ ಹೋಲಿಸಿದರೆ, ಇಲ್ಲವೇ ಇದನ್ನೇ ತಿರುಗಿಸಿ ಮಾಡಿದರೆ, ಗೊತ್ತಾಗುವುದು ತಾಯಿಯ ವಯಸ್ಸಿನ ಪ್ರಭಾವವೇ ಹೊರತು ತಳಿಯದ್ದಲ್ಲ.

ಹೋಲಿಸುವ ಮರಿಗಳ ಹ್ಯಾಚರಿ, ಹೊರಬಂದ ದಿನ, ಪ್ರಯಾಣದ ಹೊತ್ತು, ಲಸಿಕೆ ಎಲ್ಲವೂ ಆದಷ್ಟು ಒಂದೇ ಇರಬೇಕು. ಇಳಿಸಿದ ಮರುದಿನ ಮರಿಗಳ ಕುತ್ತಿಗೆ ಬುಡದ ಮೇವಿನ ಚೀಲ ಮುಟ್ಟಿ ನೋಡಿ. 24 ಗಂಟೆಯಲ್ಲಿ ನೂರಕ್ಕೆ 95 ಮರಿಗಳ ಚೀಲ ಮೆತ್ತಗೆ ತುಂಬಿರಬೇಕು. ಏಳನೇ ದಿನದ ತೂಕ ಮೊದಲ ದಿನದ ನಾಲ್ಕರಿಂದ ನಾಲ್ಕೂವರೆ ಪಟ್ಟು ಇರಬೇಕು. ಇದಕ್ಕಿಂತ ಕಡಿಮೆ ಬಂದ ಗುಂಪನ್ನು ತಳಿ ಹೋಲಿಕೆಯಿಂದ ಕೈಬಿಟ್ಟು ಬ್ರೂಡಿಂಗ್‌ನಲ್ಲಿ ಏನು ತಪ್ಪಾಯಿತು ಎಂದು ಹುಡುಕುವುದು ಲೇಸು.

ಮೇವಿನ ಮಾತು ಇನ್ನಷ್ಟು ಸೂಕ್ಷ್ಮ. ಒಂದು ಗುಂಪಿಗೆ ಗುಳಿಗೆ ಮೇವು, ಇನ್ನೊಂದಕ್ಕೆ ಪುಡಿ ಮೇವು ಕೊಟ್ಟು ತಳಿ ಅಳೆಯುವುದು ಒಂದು ಗದ್ದೆಗೆ ಗೊಬ್ಬರ ಹಾಕಿ, ಇನ್ನೊಂದಕ್ಕೆ ಹಾಕದೆ ಭತ್ತದ ತಳಿ ಅಳೆದಂತೆ. ಇನ್ನೊಂದು ತೊಡಕೂ ಇದೆ. ಪ್ರತಿ ಕಂಪನಿ ತನ್ನ ತಳಿಗೆ ಬೇಕಾದ ಶಕ್ತಿ, ಪ್ರೊಟೀನು, ಲೈಸಿನ್‌ನಂಥ ಅಮೈನೊ ಆಮ್ಲಗಳ ಪಟ್ಟಿಯನ್ನು ಬೇರೆಯಾಗಿ ಕೊಡುತ್ತದೆ. ಒಂದು ತಳಿಗೆಂದು ಹದಮಾಡಿದ ಮೇವನ್ನು ಇನ್ನೊಂದಕ್ಕೂ ಕೊಟ್ಟರೆ ಎರಡನೆಯದು ತನ್ನ ಪೂರ್ತಿ ಶಕ್ತಿ ತೋರಿಸದಿರಬಹುದು. ಆದರೂ ರೈತನ ಮಟ್ಟದಲ್ಲಿ ಒಂದೇ ಮೇವಿನಲ್ಲಿ ಹೋಲಿಸುವುದೇ ಸರಿ ಎನ್ನುತ್ತೇನೆ. ನಿಮಗೆ ಸಿಗುವ ಮೇವಿನಲ್ಲಿ ಯಾವುದು ಚೆನ್ನಾಗಿ ಬರುತ್ತದೆ ಎಂಬುದೇ ನಿಮ್ಮ ಪ್ರಶ್ನೆ.

ಒಂದೇ ಶೆಡ್ಡಿನಲ್ಲಿ ಪ್ರಯೋಗ

ಶೆಡ್ಡಿನ ಪಡುವಣ ಅರ್ಧದಲ್ಲಿ ಒಂದು ತಳಿ, ಮೂಡಣ ಅರ್ಧದಲ್ಲಿ ಇನ್ನೊಂದು ಬಿಟ್ಟರೆ ಅದು ಹೋಲಿಕೆಯಲ್ಲ. ಸಂಜೆ ಬಿಸಿಲು ಬೀಳುವ ಕಡೆ, ಗಾಳಿ ಬಡಿಯುವ ಕಡೆ, ಆಳುಗಳು ಓಡಾಡುವ ಬಾಗಿಲ ಕಡೆ ಬೆಳವಣಿಗೆ ಬೇರೆಯಾಗುತ್ತದೆ. ಒಳಗಿನ ಹವೆ ನಿಯಂತ್ರಿಸುವ ಇಸಿ ಶೆಡ್ಡಿನಲ್ಲೂ ನೀರಿನ ಪ್ಯಾಡ್ ಇರುವ ತುದಿ ತಂಪು, ಫ್ಯಾನ್ ಇರುವ ತುದಿ ಬಿಸಿ. ಬಲೆ ಕಟ್ಟಿ ಒಂದೇ ಅಳತೆಯ ಎಂಟು ಅಂಕಣ ಮಾಡಿ, ಅಕ್ಕಪಕ್ಕದ ಎರಡೆರಡನ್ನು ಜೋಡಿ ಎಂದು ಹಿಡಿಯಿರಿ. ಪ್ರತಿ ಜೋಡಿಯಲ್ಲಿ ಯಾವ ಕಡೆ ಯಾವ ತಳಿ ಎಂಬುದನ್ನು ಚೀಟಿ ಎತ್ತಿ ಗೊತ್ತುಮಾಡಿ. ಪ್ರತಿ ಅಂಕಣಕ್ಕೆ ನೂರು ಮರಿ, ಅದರದೇ ಮೇವಿನ ಪುಸ್ತಕ, ಅದರದೇ ಸಾವಿನ ಲೆಕ್ಕ. ಮಿಕ್ಕ ಮರಿಗಳು ಎಂದಿನಂತೆ ಬೆಳೆಯಲಿ.

ಕೊನೆಗೆ ಜೋಡಿ ಜೋಡಿಯಾಗಿ ನೋಡಿ. ನಾಲ್ಕರಲ್ಲಿ ಎರಡು ಅತ್ತ, ಎರಡು ಇತ್ತ ಆದರೆ ತಳಿಗಳಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ನಾಲ್ಕೂ ಜೋಡಿಯಲ್ಲಿ ಒಂದೇ ತಳಿ ಮುಂದಿದ್ದರೆ ವಿಷಯ ಗಮನಿಸತಕ್ಕದ್ದು. ಮುಂದಿನ ಬ್ಯಾಚಿನಲ್ಲೂ ಹಾಗೆಯೇ ಬಂದರೆ ನಂಬತಕ್ಕದ್ದು. ಬೇರೆ ಬೇರೆ ಹ್ಯಾಚರಿಯ ಮರಿಗಳನ್ನು ಒಂದೇ ಸೂರಿನಡಿ ಸೇರಿಸುವ ಮೊದಲು ಪಶುವೈದ್ಯರನ್ನು ಕೇಳಿ. ಕೊಕ್ಕರೆ ರೋಗ, ಗುಂಬೊರೊಗಳಿಗೆ ತಾಯಿಯಿಂದ ಬಂದ ರಕ್ಷಣೆ ಒಂದೊಂದು ಗುಂಪಿಗೆ ಒಂದೊಂದು ಮಟ್ಟದಲ್ಲಿರುತ್ತದೆ. ಲಸಿಕೆಯ ದಿನ ಅದಕ್ಕೆ ತಕ್ಕಂತೆ ಗೊತ್ತಾಗಬೇಕು. ನಡುವೆ ಒಂದು ಗುಂಪಿಗೆ ಮಾತ್ರ ಔಷಧ ಕೊಡಬೇಕಾಗಿ ಬಂದರೆ ಆ ಜೋಡಿಯನ್ನು ಲೆಕ್ಕದಿಂದ ತೆಗೆದುಬಿಡಿ.

ನಿಜವಾದ ವ್ಯತ್ಯಾಸ ಎಲ್ಲಿ ಕಾಣುತ್ತದೆ

ಅನುಕೂಲ ಚೆನ್ನಾಗಿರುವಾಗ ಇಂದಿನ ಬಿಳಿ ತಳಿಗಳೆಲ್ಲ ಚೆನ್ನಾಗಿಯೇ ಬೆಳೆಯುತ್ತವೆ. ಕಷ್ಟದ ಹೊತ್ತಿನಲ್ಲಿ ಅಂತರ ಕಾಣುತ್ತದೆ. ರಾಯಚೂರು, ಕಲಬುರಗಿ, ಬಳ್ಳಾರಿಗಳಲ್ಲಿ ಏಪ್ರಿಲ್, ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ. ವೇಗವಾಗಿ ಬೆಳೆಯುವ ಕೋಳಿಯ ಮೈಯಲ್ಲೇ ಶಾಖ ಹೆಚ್ಚು ಹುಟ್ಟುತ್ತದೆ; ಹೊರಹಾಕಲು ಅದಕ್ಕೆ ಬೆವರು ಗ್ರಂಥಿಗಳಿಲ್ಲ, ಬಾಯಿ ತೆರೆದು ಏದುಸಿರು ಬಿಡುವುದೊಂದೇ ಮುಖ್ಯ ದಾರಿ. ಹಾಗಾಗಿ ತಂಪಿನಲ್ಲಿ ಮುಂದಿರುವ ತಳಿಯೇ ಬೇಸಿಗೆಯಲ್ಲಿ, ಐದನೇ ವಾರದ ಮಧ್ಯಾಹ್ನಗಳಲ್ಲಿ ಹೆಚ್ಚು ಸಾಯಬಹುದು. ಹಾಸನದ ಚಳಿಗಾಲದಲ್ಲಿ ಗೆದ್ದ ತಳಿ ರಾಯಚೂರಿನ ಬೇಸಿಗೆಯಲ್ಲಿ ಗೆಲ್ಲುತ್ತದೆಂಬ ಭರವಸೆ ಇಲ್ಲ. ಒಂದು ತಳಿಯ ಬಗ್ಗೆ ಮಾತಾಡುವ ಮೊದಲು ಕನಿಷ್ಠ ಒಂದು ಬೇಸಿಗೆ, ಒಂದು ಮಳೆಗಾಲ, ಒಂದು ಚಳಿಗಾಲದ ಲೆಕ್ಕ ಕೈಯಲ್ಲಿರಲಿ.

ಕಾಲನ್ನೂ ನೋಡಿ. ಮಾರುವ ಹಿಂದಿನ ದಿನ ಶೆಡ್ಡಿನಲ್ಲಿ ನಿಧಾನವಾಗಿ ನಡೆದುಹೋಗಿ. ಎದ್ದು ಸರಿಯದೆ ಕೂತಲ್ಲೇ ಕೂರುವ, ಕುಂಟುವ, ಪಾದದಡಿ ಹುಣ್ಣಾದ ಕೋಳಿಗಳನ್ನು ಎಣಿಸಿ. ನೀರು ಕುಡಿಯಲು ನಡೆಯಲಾರದ ಕೋಳಿ ನೋವು ತಿನ್ನುತ್ತಿರುತ್ತದೆ. ತೂಕದ ಆಸೆಗೆ ಅದನ್ನು ಲೆಕ್ಕಕ್ಕೆ ತಾರದಿರುವುದು ತಪ್ಪು. ಕೊನೆಯ ವಾರದಲ್ಲಿ ಸಾಯುವ ಕೋಳಿ ಮೊದಲ ವಾರದಲ್ಲಿ ಸಾಯುವ ಮರಿಗಿಂತ ಎಷ್ಟೋ ಪಟ್ಟು ನಷ್ಟ, ಏಕೆಂದರೆ ಅದು ಮೂರು ಕಿಲೋದಷ್ಟು ಮೇವು ತಿಂದು ಮುಗಿಸಿರುತ್ತದೆ. ಒಟ್ಟು ಸಾವು ಶೇ 5 ಎಂದು ಬರೆದರೆ ಸಾಲದು, ವಾರವಾರು ಬರೆಯಬೇಕು.

ಇನ್ನು ಎದೆ ಮಾಂಸ. ಕಂಪನಿಗಳ ಪುಸ್ತಕದಲ್ಲಿ ಅದಕ್ಕೆ ದೊಡ್ಡ ಜಾಗವಿದೆ. ಜೀವಂತ ಕೋಳಿಯನ್ನು ಕಿಲೋ ಲೆಕ್ಕದಲ್ಲಿ ಮಾರುವವರಿಗೆ ಅದರಿಂದ ಒಂದು ರೂಪಾಯಿಯೂ ಸಿಗದು. ಕತ್ತರಿಸಿ ಮಾರುವ ಘಟಕದವರಿಗೆ ಮಾತ್ರ ಅದು ಮುಖ್ಯ.

ಒಪ್ಪಂದದ ಸಾಕಣೆಯಲ್ಲಿರುವವರಿಗೆ

ತಮಿಳುನಾಡಿನ ಉಡುಮಲಪೇಟೆ, ಪಲ್ಲಡಂ ಕಡೆಯಿಂದ ಹಬ್ಬಿದ ಒಪ್ಪಂದ ಸಾಕಣೆ ಇಂದು ನಮ್ಮಲ್ಲೂ ಬೇರೂರಿದೆ. ಮರಿ, ಮೇವು, ಔಷಧ ಕಂಪನಿಯದು. ಶೆಡ್ಡು, ನೀರು, ಕರೆಂಟು, ದುಡಿಮೆ ರೈತರದು. ತಳಿ ಆರಿಸುವ ಅಧಿಕಾರ ರೈತರಿಗಿಲ್ಲ, ಆದರೆ ಸಾಕಣೆ ಕೂಲಿ ಬರುವುದು ಎಫ್‌ಸಿಆರ್ ಮತ್ತು ಸಾವಿನ ಲೆಕ್ಕದ ಮೇಲೆಯೇ. ಎಳೆಯ ಪೇರೆಂಟ್‌ನ ಚಿಕ್ಕ ಮರಿ ಬಂದಾಗ ಕೂಲಿ ಕಡಿಮೆಯಾದರೆ ಆ ಹೊರೆ ಹೊರುವವರು ರೈತರೇ. ಆದ್ದರಿಂದ ಮರಿ ಇಳಿಸುವಾಗಲೇ ಮೂರು ವಿವರ ಕೇಳಿ ಬರೆದುಕೊಳ್ಳಿ: ತಳಿಯ ಹೆಸರು, ಪೇರೆಂಟ್ ಕೋಳಿಯ ವಯಸ್ಸು, ಮರಿ ಹೊರಬಂದ ದಿನ ಮತ್ತು ಹೊತ್ತು. ನೂರು ಮರಿ ತೂಗಿ ಸೂಪರ್‌ವೈಸರ್ ಎದುರೇ ಪುಸ್ತಕದಲ್ಲಿ ದಾಖಲಿಸಿ. ಒಬ್ಬರ ಪುಸ್ತಕ ಒಂದು ಬ್ಯಾಚಿನ ಕತೆ ಹೇಳುತ್ತದೆ. ಒಂದು ತಾಲ್ಲೂಕಿನ ಇಪ್ಪತ್ತು ಮೂವತ್ತು ರೈತರು ಒಂದೇ ನಮೂನೆಯಲ್ಲಿ ಬರೆದು ವರ್ಷಕ್ಕೊಮ್ಮೆ ಕೂತು ನೋಡಿದರೆ ತಳಿ ಯಾವುದು, ಮರಿ ಯಾವುದು, ಹವೆ ಯಾವುದು ಎಂದು ಬಿಡಿಸಿ ಕಾಣತೊಡಗುತ್ತದೆ. ಆಗ ಕೂಲಿಯ ದರದ ಬಗ್ಗೆ ಕಂಪನಿಯೊಡನೆ ಮಾತಾಡಲು ಕೈಯಲ್ಲಿ ಆಧಾರವಿರುತ್ತದೆ.

ಕೋಳಿ ತಳಿಗಳ ಸಾಮರ್ಥ್ಯ ಪರೀಕ್ಷೆಗೆಂದೇ ಗುರುಗ್ರಾಮದಲ್ಲಿ ಕೇಂದ್ರ ಸರ್ಕಾರದ ಸಂಸ್ಥೆಯಿದೆ. ಆದರೆ ಹರಿಯಾಣದ ಹವೆಯಲ್ಲಿ ಬಂದ ಅಂಕಿ ನಮ್ಮ ತೆರೆದ ಶೆಡ್ಡುಗಳಿಗೆ ಹಾಗೆಯೇ ಒಪ್ಪುವುದಿಲ್ಲ. ಹೆಸರಘಟ್ಟದಲ್ಲಿ ಕೇಂದ್ರೀಯ ಕೋಳಿ ಅಭಿವೃದ್ಧಿ ಸಂಸ್ಥೆಯಿದೆ, ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜಿದೆ, ಬೀದರ್‌ನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಇದೆ. ರೈತರಿಗೆ ಸಿಗುವ ಮರಿ, ಸಿಗುವ ಮೇವನ್ನೇ ಬಳಸಿ, ಬೇಸಿಗೆ ಚಳಿ ಎರಡರಲ್ಲೂ ಈ ತಳಿಗಳನ್ನು ಪಕ್ಕಪಕ್ಕ ಸಾಕಿ, ಫಲಿತಾಂಶವನ್ನು ಪ್ರತಿ ವರ್ಷ ಕನ್ನಡದಲ್ಲಿ ಪ್ರಕಟಿಸುವ ಕೆಲಸವನ್ನು ಇವು ಕೈಗೆತ್ತಿಕೊಳ್ಳಬೇಕು. ಕೋಳಿ ಸಾಕಣೆದಾರರ ಸಂಘಗಳು ಈ ಬೇಡಿಕೆಯನ್ನು ಲಿಖಿತವಾಗಿ ಪಶುಸಂಗೋಪನಾ ಇಲಾಖೆಯ ಮುಂದಿಡಲಿ.